ಬ್ರೇಕ್ ಶೂ ಹಾಕಿ ಕೊಡಿ ಅಂದೆ, ಚಾಚಾ ಮೊದಲು ಮೂಸಿ ನೋಡು ಅಂದರು

ನನ್ನ ಕಟಿಂಗ್ ಟೇಬಲ್ ಮೇಲೆ ಗಾಡಿ ಬ್ರೇಕಿನ ಒಂದು ಹಳೆ ಭಾಗ, ವೀಲ್ ಸಿಲಿಂಡರ್, ಇದೆ. ಪ್ಯಾಟರ್ನ್ ಕಾಗದ ಫ್ಯಾನಿನ ಗಾಳಿಗೆ ಹಾರಬಾರದು ಅಂತ ಅದನ್ನೇ ಭಾರಕ್ಕೆ ಇಡುತ್ತೇನೆ. ಬಂದವರೆಲ್ಲ ಇದೇನು ಅಂತ ಕೇಳುತ್ತಾರೆ. ಕೇಳಿದವರಿಗೆಲ್ಲ ಬಳ್ಳಾರಿಯ ಕೌಲ್ ಬಜಾರ್‌ನ ಆ ಗ್ಯಾರೇಜಿನ ಕಥೆ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದು ಹಾಕುತ್ತಿದ್ದೇನೆ.

ಗ್ಯಾರೇಜಿನ ಹೆಸರು ಮಾತ್ರ ಕೇಳಬೇಡಿ. ಬೋರ್ಡೇ ಇಲ್ಲ. ಅಲ್ಲಿನ ಮಿಸ್ತ್ರಿಗೆ "ನಿಮ್ಮ ಬಗ್ಗೆ ಬರೀತೀನಿ ಚಾಚಾ" ಅಂದಾಗ, "ಹೆಸರು, ನಂಬರು ಏನೂ ಹಾಕಬೇಡಮ್ಮಾ. ಇರೋ ಗಾಡಿಗೇ ಜಾಗ ಇಲ್ಲ" ಅಂದರು. ಬೇವಿನ ಮರ, ಅದರ ಕೆಳಗೆ ಒಂದು ತಗಡಿನ ಶೆಡ್ಡು, ಪಕ್ಕದಲ್ಲಿ ಸದಾ ಬಾನೆಟ್ ತೆಗೆದುಕೊಂಡು ನಿಂತಿರುವ ಒಂದು ಅಂಬಾಸಿಡರ್. ಆ ಕಡೆ ಹೋಗಿ ಹಳೆ ಮಾರುತಿ ಮಿಸ್ತ್ರಿ ಎಲ್ಲಿ ಅಂದರೆ ಯಾರಾದರೂ ತೋರಿಸುತ್ತಾರೆ.

ನನ್ನದು 2006ರ ಓಮ್ನಿ. 2013ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾನು ಮಾಡುವುದು ಜೀನ್ಸ್ ಜಾಬ್ ವರ್ಕ್. ಮನೆಯ ಹಿಂದೆ ಆರು ಮಷೀನ್ ಇವೆ. ಹೊಲಿದ ಪ್ಯಾಂಟುಗಳನ್ನು ವಾಷಿಂಗಿಗೆ ಒಯ್ಯುವುದು, ತೊಳೆದದ್ದನ್ನು ಬಟನ್, ರಿವಿಟ್ ಹಾಕಲು ವಾಪಸ್ ತರುವುದು, ಎಲ್ಲ ಈ ಓಮ್ನಿಯಲ್ಲೇ. ಓಡಿಸುವುದೂ ನಾನೇ. ಒಂದು ಜೀನ್ಸ್ ಸುಮಾರು 600 ಗ್ರಾಂ ತೂಗುತ್ತದೆ. 300 ಪ್ಯಾಂಟಿನ ಬಂಡಲ್ ಹೇರಿದರೆ 180 ಕೆಜಿ, ಅದೂ ಎಲ್ಲ ಹಿಂದಿನ ಗಾಲಿಗಳ ಮೇಲೆ. ಹಾಗಾಗಿ ನನ್ನ ಗಾಡಿಗೆ ಹಿಂದಿನ ಬ್ರೇಕ್ ಅಂದರೆ ಜಾಸ್ತಿ ಕೆಲಸ. ಮುಂದಿನದು ಡಿಸ್ಕ್, ಹಿಂದಿನದು ಡ್ರಮ್. ಮುಂದಿನದು ಕಣ್ಣಿಗೆ ಕಾಣುತ್ತದೆ, ಹಿಂದಿನದು ಡಬ್ಬಿಯೊಳಗೆ ಮುಚ್ಚಿಕೊಂಡಿರುತ್ತದೆ. ತೆಗೆದು ನೋಡುವವರೆಗೆ ಒಳಗೆ ಏನು ನಡೆದಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಗ್ಯಾರೇಜಿನವರಿಗೂ ಅದು ಗೊತ್ತು!

ಎಂಟು ತಿಂಗಳ ಹಿಂದೆ ಬೇರೆ ಒಂದು ಗ್ಯಾರೇಜಿನಲ್ಲಿ ಎಡಗಡೆ ಹಿಂದಿನ ಗಾಲಿಗೆ ಹೊಸ ಶೂ ಹಾಕಿಸಿದ್ದೆ. ಡ್ರಮ್ಮಿಗೆ ಒಳಗಿನಿಂದ ಒತ್ತಿ ಗಾಲಿ ನಿಲ್ಲಿಸುವ ಕಮಾನಿನಂಥ ತುಂಡುಗಳೇ ಈ ಶೂ. ಎಡಗಡೆ ಮಾತ್ರ. "ಬಲಗಡೆದು ಚೆನ್ನಾಗಿದೆ, ಸುಮ್ನೆ ಯಾಕೆ ಖರ್ಚು" ಅಂದಿದ್ದರು. 1,100 ರೂಪಾಯಿ ತಗೊಂಡರು. ನನಗೂ ಖರ್ಚು ಉಳಿಯಿತಲ್ಲ ಅಂತ ಖುಷಿ. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಬ್ರೇಕ್ ಒತ್ತಿದರೆ ಗಾಡಿ ಮೆಲ್ಲಗೆ ಬಲಕ್ಕೆ ಎಳೆಯಲು ಶುರುವಾಯಿತು. ಪೆಡಲ್ ಕೆಳಗೆ ಕೆಳಗೆ ಹೋಗತೊಡಗಿತು. ಹ್ಯಾಂಡ್ ಬ್ರೇಕ್ ಎಳೆದರೆ ಟಕ್ ಟಕ್ ಅಂತ ಹನ್ನೊಂದು ಸಲ ಶಬ್ದ. ಲಿವರ್ ನನ್ನ ಮೊಣಕೈ ಹತ್ತಿರ ಬಂದು ನಿಲ್ಲುತ್ತಿತ್ತು. ದಿನಾ ಓಡಿಸುವವರಿಗೆ ಇದೆಲ್ಲ ಒಗ್ಗಿಹೋಗುತ್ತದೆ ನೋಡಿ. ಒಮ್ಮೆ ಒತ್ತುವ ಬದಲು ಎರಡು ಸಲ ಒತ್ತುತ್ತಿದ್ದೆ, ಅಷ್ಟೇ.

ಸಂಡೂರಿನಲ್ಲಿ ನೆಂಟರ ಮನೆ ಸೀಮಂತ ಮುಗಿಸಿ ವಾಪಸ್ ಬರುವಾಗ ಬುದ್ಧಿ ಬಂತು. ತೋರಣಗಲ್ಲಿನ ಕಡೆ ಬರುವ ಇಳಿಜಾರು, ಮುಂದೆ ಅದಿರಿನ ಲಾರಿ. ಲಾರಿಯವನು ಬ್ರೇಕ್ ಹಾಕಿದ. ನಾನೂ ಹಾಕಿದೆ. ಪೆಡಲ್ ನೆಲಕ್ಕೆ ಹೋಯಿತು. ಎರಡನೇ ಸಲ ಒತ್ತಿದಾಗ ಹಿಡಿಯಿತು, ಆದರೆ ಗಾಡಿ ಬಲಕ್ಕೆ ಜಾರಿತು. ಹಿಂದೆ ಕೂತಿದ್ದ ಅತ್ತೆ "ಯಾಕವ್ವಾ ಹಿಂಗ್ ಎಳೀತೀ" ಅಂದರು. ಲಾರಿಯ ಹಿಂಬದಿಯ ಕೆಂಪು ಧೂಳು ನನ್ನ ಗಾಜಿನ ಮೇಲೆ ಬಿತ್ತು. ಅಷ್ಟು ಹತ್ತಿರ. ಅಲ್ಲಿಂದ ಬಳ್ಳಾರಿವರೆಗೆ ಮೂವತ್ತರ ಮೇಲೆ ಓಡಿಸಲಿಲ್ಲ.

ಮರುದಿನವೇ ಚಾಚಾ ಹತ್ತಿರ ಹೋದೆ. "ಹಿಂದೆ ಶೂ ಹೋಗಿದೆ, ಹಾಕಿ ಕೊಡಿ, ಸಂಜೆ ವಾಷಿಂಗಿಗೆ ಮಾಲು ಒಯ್ಯಬೇಕು" ಅಂದೆ. ಅವರು ಶೂ ವಿಷಯ ಮಾತಾಡಲೇ ಇಲ್ಲ. ಗಾಡಿ ಯಾವ ಕಡೆ ಎಳೆಯುತ್ತದೆ, ಎಷ್ಟು ದಿನದಿಂದ, ಬ್ರೇಕ್ ಆಯಿಲ್ ಡಬ್ಬಿಗೆ ಎಷ್ಟು ಸಲ ಹಾಕಿದೆ, ಭಾರ ಎಷ್ಟು ಹೇರುತ್ತೀ, ಇಷ್ಟೇ ಪ್ರಶ್ನೆ. ಕೊನೆಯದಕ್ಕೆ ನಾನು ಸ್ವಲ್ಪ ಕಡಿಮೆ ಹೇಳಿದೆ.

ಡ್ರಮ್ ತೆಗೆಯುವುದನ್ನು ನಾನು ಮೊದಲ ಸಲ ನಿಂತು ನೋಡಿದ್ದು. ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ, ಜಾಕಿ ಏರಿಸಿ, ಅದರ ಪಕ್ಕಕ್ಕೆ ಸ್ಟ್ಯಾಂಡ್ ಕೊಟ್ಟರು. ಜಾಕಿ ಮೇಲೆ ಬಿಟ್ಟು ಕೆಲಸ ಮಾಡಲಿಲ್ಲ. ಗಾಲಿ ಬಿಚ್ಚಿದ ಮೇಲೆ ಡ್ರಮ್ ಬರಲಿಲ್ಲ, ಕಚ್ಚಿಕೊಂಡಿತ್ತು. ಹುಡುಗ ಸುತ್ತಿಗೆ ಎತ್ತಿದ. ಚಾಚಾ ಅವನ ಕೈ ಹಿಡಿದರು. ಡ್ರಮ್ಮಿನ ಮುಖದಲ್ಲಿ ಎರಡು ಸಣ್ಣ ತೂತು ಇರುತ್ತವೆ, ಅದರಲ್ಲಿ 8 ಎಂಎಂ ಬೋಲ್ಟ್ ಎರಡು ಹಾಕಿ, ಈ ಕಡೆ ಅರ್ಧ ಸುತ್ತು, ಆ ಕಡೆ ಅರ್ಧ ಸುತ್ತು ಬಿಗಿಸುತ್ತಾ ಹೋದರು. ಠಣ್ ಅಂತ ಶಬ್ದ ಮಾಡಿ ಡ್ರಮ್ ಹೊರಗೆ ಬಂತು. ಕಂಪನಿಯವರು ಆ ತೂತು ಇಟ್ಟಿರುವುದೇ ಇದಕ್ಕಂತೆ. ಹನ್ನೆರಡು ವರ್ಷದಿಂದ ಈ ಗಾಡಿ ಡ್ರಮ್ಮಿಗೆ ಸುತ್ತಿಗೆ ಏಟು ಬೀಳುವುದನ್ನೇ ಕೇಳಿದ್ದೆ ನಾನು.

ಒಳಗೆ ಎಂಟು ತಿಂಗಳ ಹಿಂದಿನ ಹೊಸ ಶೂ ಇತ್ತಲ್ಲ, ಅದು ಕಪ್ಪಗೆ ಒದ್ದೆ ಆಗಿತ್ತು. ಕೆಂಪು ಮಣ್ಣು ಎಣ್ಣೆಯಲ್ಲಿ ಕಲೆಸಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ನಾನು "ಬ್ರೇಕ್ ಆಯಿಲ್ ಲೀಕಾ?" ಅಂದೆ. ಚಾಚಾ ಬೆರಳಿಗೆ ಸ್ವಲ್ಪ ಹಚ್ಚಿಕೊಂಡು ಉಜ್ಜಿ ನೋಡಿದರು. ಆಮೇಲೆ ಆ ಬೆರಳನ್ನು ನನ್ನ ಮುಂದೆ ಹಿಡಿದು, "ಮೂಸಿ ನೋಡು" ಅಂದರು. ಕೊಳೆತ ಮೊಟ್ಟೆ, ಗಂಧಕ, ಆ ಥರ ವಾಸನೆ. "ಬ್ರೇಕ್ ಆಯಿಲ್ ಆಗಿದ್ದರೆ ತೆಳ್ಳಗೆ ಇರ್ತದೆ, ಈ ವಾಸನೆ ಬರಲ್ಲ. ಇದು ಹಿಂದಿನ ಹೌಸಿಂಗ್ ಆಯಿಲ್. ಆಕ್ಸಲ್ ಸೀಲ್ ಹೋಗಿದೆ. ಇದರ ಮೇಲೆ ನೀನು ಎಷ್ಟು ಜೋಡಿ ಶೂ ಹಾಕಿದರೂ ಇಷ್ಟೇ."

ಹೌಸಿಂಗ್ ಅಂದರೆ ಹಿಂದಿನ ಎರಡು ಗಾಲಿಗಳ ನಡುವೆ ಗೇರುಗಳು ಇರುವ ಕವಚ. ಅದರ ಆಯಿಲ್ ಗಾಲಿ ಕಡೆಗೆ ಬರದಂತೆ ತಡೆಯುವುದು ಈ ಸೀಲ್. ಇಲ್ಲಿಗೆ ಬೇರೆಯವರಾಗಿದ್ದರೆ ಸೀಲ್ ಬದಲಿಸಿ ಮುಗಿಸುತ್ತಿದ್ದರು. ಇವರು ಗಾಡಿ ಕೆಳಗೆ ಮಲಗಿ, ಹೌಸಿಂಗ್ ಮೇಲೆ ಬೆರಳು ಆಡಿಸಿ, ಒಂದು ಚಿಕ್ಕ ಮುಚ್ಚಳದಂಥ ವಸ್ತು ಬಿಚ್ಚಿ ತಂದರು. ಬ್ರೀದರ್ ಅಂತೆ. ಗಾಡಿ ಓಡಿದಾಗ ಹೌಸಿಂಗ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಉಬ್ಬುತ್ತದೆ, ಅದು ಹೊರಗೆ ಹೋಗಲು ಈ ದಾರಿ. ನನ್ನದರಲ್ಲಿ ದಾರಿಯೇ ಇರಲಿಲ್ಲ. ಅದಿರಿನ ಧೂಳು ಸೇರಿ ಇಟ್ಟಿಗೆ ಆಗಿತ್ತು. ಗಾಳಿಗೆ ಹೊರಗೆ ಹೋಗಲು ಜಾಗ ಸಿಗದೆ ಆಯಿಲನ್ನು ಸೀಲಿನ ಕಡೆಗೆ ತಳ್ಳಿದೆ. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಓಡುವ ಹಳೆ ಗಾಡಿಗಳಲ್ಲಿ ಇದನ್ನು ಬಹಳ ನೋಡಿದ್ದಾರಂತೆ. ಚಾಚಾ ಅದನ್ನು ತಂತಿಯಿಂದ ಚುಚ್ಚಿ, ತೊಳೆದು, ಬಾಯಿಂದ ಊದಿ ನೋಡಿ ವಾಪಸ್ ಹಾಕಿದರು. ಇದಕ್ಕೆ ಒಂದು ಪೈಸೆ ಹಾಕಲಿಲ್ಲ. ಇಡೀ ರಿಪೇರಿಯಲ್ಲಿ ಮುಖ್ಯವಾದ ಕೆಲಸ ಅದೇ ಅಂತ ನನಗೆ ಈಗಲೂ ಅನಿಸುತ್ತದೆ.

ಬಲಗಡೆ ಬೇರೆಯದೇ ರೋಗ. ಅಲ್ಲಿ ಶೂ ಒಣಗಿತ್ತು, ಆದರೆ ಅದರ ಮೇಲಿನ ಉಜ್ಜುವ ಪದರ, ಅಂದರೆ ಲೈನಿಂಗ್, ಸವೆದು ತಳ ಕಂಡಿತ್ತು. ಎರಡು ಶೂಗಳಲ್ಲಿ ಮುಂದಿನದು ಜಾಸ್ತಿ ಸವೆದಿತ್ತು, ಹಿಂದಿನದು ಸ್ವಲ್ಪ ಉಳಿದಿತ್ತು. ಡ್ರಮ್ ತಿರುಗುವ ದಿಕ್ಕಿಗೆ ಮುಂದಿನ ಶೂ ತಾನೇ ಎಳೆದುಕೊಂಡು ಒತ್ತುತ್ತದೆ, ಅದಕ್ಕೆ ಸವೆತ ಹೆಚ್ಚು. ಅಡ್ಜಸ್ಟರ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಶೂ ಸವೆದ ಹಾಗೆಲ್ಲ ಅದು ಹಲ್ಲು ಹಲ್ಲಾಗಿ ಮುಂದೆ ಸರಿದು, ಶೂವನ್ನು ಡ್ರಮ್ಮಿನ ಹತ್ತಿರ ಇಟ್ಟಿರಬೇಕು. ಇದು ಅಲ್ಲಾಡದ್ದಕ್ಕೆ ಶೂ ದೂರವೇ ಉಳಿದು, ನನ್ನ ಪೆಡಲ್ ಕೆಳಗೆ ಹೋಗುತ್ತಿತ್ತು. "ಚೆನ್ನಾಗಿದೆ" ಅಂದಿದ್ದ ಬಲಗಡೆಯ ಕಥೆ ಇದು. ಆಗ ಅದನ್ನು ಬಿಚ್ಚಿಯೇ ಇರಲಿಲ್ಲ ಅಂತ ಕಾಣುತ್ತದೆ.

ಆಮೇಲೆ ಪೆಡಲ್ ಒತ್ತಿದಾಗ ಶೂಗಳನ್ನು ಡ್ರಮ್ಮಿಗೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳವನ್ನು ಸ್ಕ್ರೂಡ್ರೈವರ್ ತುದಿಯಿಂದ ಎತ್ತಿದರು. ಒಳಗೆ ತೇವ. "ಇದು ಬ್ರೇಕ್ ಆಯಿಲ್. ಈಗ ಶುರು ಆಗಿದೆ. ಹೊರಗೆ ಬರೋಕೆ ಇನ್ನೂ ಎರಡು ತಿಂಗಳು ಬೇಕಿತ್ತು." ನಾನು ದುಡ್ಡು ಉಳಿಸುವ ಆಸೆಯಿಂದ, "ಸಿಲಿಂಡರ್ ಯಾಕೆ, ರಬ್ಬರ್ ಕಿಟ್ ಹಾಕಿದರೆ ಆಗಲ್ವಾ?" ಅಂದೆ. ಅವರು ಜಗಳಕ್ಕೆ ಬರಲಿಲ್ಲ. ಸಿಲಿಂಡರ್ ಬಿಚ್ಚಿ, ಪಿಸ್ಟನ್ ತೆಗೆದು, ಒಳಗೆ ಒರೆಸಿ, ನನ್ನ ಕೈಗೆ ಕೊಟ್ಟು, "ಉಗುರು ಆಡಿಸಿ ನೋಡು" ಅಂದರು. ಉಗುರು ತಡೆಯಿತು. ತುಕ್ಕಿನ ಸಣ್ಣ ಗುಂಡಿ. ಉಗುರಿಗೆ ಸಿಕ್ಕಿದ್ದು ರಬ್ಬರಿಗೂ ಸಿಗುತ್ತದೆ, ಹೊಸ ರಬ್ಬರನ್ನೂ ಅದು ಕೆರೆದು ತಿನ್ನುತ್ತದೆ. ಎಡಗಡೆಯ ಸಿಲಿಂಡರ್ ರಬ್ಬರು ಗೇರ್ ಆಯಿಲ್ ಕುಡಿದು ಉಬ್ಬಿತ್ತು. ಈ ರಬ್ಬರಿಗೆ ಬ್ರೇಕ್ ಆಯಿಲ್ ಒಂದೇ ಆಗಿಬರುವುದು. ಪೆಟ್ರೋಲು, ಸೀಮೆಎಣ್ಣೆ, ಗ್ರೀಸು, ಯಾವುದು ತಾಗಿದರೂ ಹಾಳು. ಹೀಗೆ ಎರಡೂ ಸಿಲಿಂಡರ್ ಹೊಸದಾದವು. ನನ್ನ ಟೇಬಲ್ ಮೇಲಿರುವುದು ಆ ಬಲಗಡೆಯದು.

ಅವತ್ತು ನಾನು ಒಂದು ಎಡವಟ್ಟು ಮಾಡುವವಳಿದ್ದೆ. ಬಿಸಿಲು ತಡೆಯಲಾರದೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತೆ. ಕೂತ ತಕ್ಷಣ ಕಾಲು ತಾನಾಗಿ ಪೆಡಲ್ ಮೇಲೆ ಹೋಗುತ್ತದಲ್ವಾ? ಚಾಚಾ ಕೂಗಿದ್ದು ರಸ್ತೆಗೆ ಕೇಳಿಸಿರಬೇಕು. ಡ್ರಮ್ ಇಲ್ಲದಾಗ ಪೆಡಲ್ ಒತ್ತಿದರೆ ಶೂ ತಡೆಯಲು ಏನೂ ಇಲ್ಲ, ಪಿಸ್ಟನ್ ಹಾರಿ ಹೊರಗೆ ಬೀಳುತ್ತದೆ. ಆಮೇಲೆ ಹುಡುಗನ ಕೈಯಲ್ಲಿ ಒಂದು ಪ್ಲೇಟ್ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ಕಳಿಸಿ, ನನ್ನನ್ನು ಮರದ ಕೆಳಗೆ ಕೂರಿಸಿದರು.

ಧೂಳು ತೆಗೆಯುವಾಗ ಗಾಳಿ ಪೈಪ್ ಬಳಸಲಿಲ್ಲ. ಸೋಪು ನೀರು ಹಾಕಿ, ಬ್ರಷ್‌ನಲ್ಲಿ ತೊಳೆದು, ಕೆಳಗೆ ಬೋಗುಣಿ ಇಟ್ಟರು. ಹಳೆ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಡೆನಿಮ್ ಕತ್ತರಿಸುವಾಗ ಏಳುವ ನೂಲಿನ ಪುಡಿಗೇ ನಮ್ಮ ಹುಡುಗಿಯರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಎಷ್ಟೋ ಗ್ಯಾರೇಜಿನಲ್ಲಿ ಈ ಬ್ರೇಕ್ ಪುಡಿಯನ್ನು ಫುರ್ ಅಂತ ಊದಿ ಎಲ್ಲರ ಮುಖಕ್ಕೆ ಹಾರಿಸುವುದನ್ನು ನೋಡಿದ್ದೇನೆ.

ಡ್ರಮ್ಮಿನ ಅಂಚಿನಲ್ಲಿ ಗೆರೆ ಎದ್ದಿತ್ತು. ಶೂ ತಾಗುವ ಜಾಗ ಸವೆದು, ತಾಗದ ಜಾಗ ದಿಬ್ಬವಾಗಿ ಉಳಿದಿತ್ತು. ಎರಡೂ ಡ್ರಮ್ಮುಗಳನ್ನು ಕೊರೆದು ಸಮ ಮಾಡಲು ಲೇತಿಗೆ ಕಳಿಸಿದರು. ಬೇಕಾದಷ್ಟು ಕೊರೆಯಲು ಬರುವುದಿಲ್ಲ, ಮಿತಿ ದಾಟಿದರೆ ಡ್ರಮ್ ತೆಳ್ಳಗಾಗಿ ಬಿಸಿಗೆ ಸೀಳುತ್ತದೆ. ಲೇತಿನವನು ಮಧ್ಯಾಹ್ನ ಊಟಕ್ಕೆ ಹೋದವನು ಐದಕ್ಕೆ ಬಂದ. ನನ್ನ ಒಂದು ದಿನದ ಕೆಲಸ ಎರಡು ದಿನ ಆಗಿದ್ದು ಅಲ್ಲೇ. ಸಂಜೆ ಮಾಲು ಒಯ್ಯಲು ಆಟೋಗೆ 350 ರೂಪಾಯಿ ಕೊಟ್ಟೆ.

ಎರಡನೇ ದಿನ ಜೋಡಿಸುವುದು. ಎಡಗಡೆ ಆಕ್ಸಲ್ ಎಳೆದು ಸೀಲ್ ಬದಲಿಸಿದ ಮೇಲೆ ಶೂ ಕೆಲಸವನ್ನು ಹುಡುಗನಿಗೆ ಕೊಟ್ಟರು. ನನಗೆ ಸ್ವಲ್ಪ ಹೆದರಿಕೆ ಆಯಿತು. ಆದರೆ ಒಂದು ಉಪಾಯ ಮಾಡಿದ್ದರು. ಬಲಗಡೆ ಸಿಲಿಂಡರ್ ಬದಲಿಸಿ, ಹಳೆ ಶೂ, ಹಳೆ ಸ್ಪ್ರಿಂಗ್ ಇದ್ದ ಹಾಗೇ ವಾಪಸ್ ಕಟ್ಟಿ ಇಟ್ಟಿದ್ದರು. "ಈ ಕಡೆ ಮರೆತರೆ ಆ ಕಡೆ ಹೋಗಿ ನೋಡು" ಅಂತ ಹುಡುಗನಿಗೆ ಹೇಳುತ್ತಿದ್ದರು. ಯಾವ ಸ್ಪ್ರಿಂಗ್ ಯಾವ ತೂತಿಗೆ, ಯಾವ ಕೊಕ್ಕೆ ಹಿಂದಿನಿಂದ, ಯಾವುದು ಮುಂದಿನಿಂದ, ಎಲ್ಲ ಅಲ್ಲಿ ಕಣ್ಣ ಮುಂದೆ ಇತ್ತು. ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿಕೊಳ್ಳಬೇಕು, ಅಷ್ಟೇ. ನಾವೂ ಹೊಸ ಹುಡುಗಿಗೆ ಪಾಕೆಟ್ ಕಲಿಸುವಾಗ ಒಂದು ಸ್ಯಾಂಪಲ್ ಪೀಸ್ ಬಿಚ್ಚದೆ ಗೋಡೆಗೆ ನೇತು ಹಾಕುತ್ತೇವೆ. ಎರಡೂ ಕಡೆ ಒಟ್ಟಿಗೆ ಬಿಚ್ಚಿಟ್ಟು ಆಮೇಲೆ ತಲೆ ಕೆರೆದುಕೊಳ್ಳುವವರಿಗೆ ಈ ಮಾತು.

ಸ್ಪ್ರಿಂಗುಗಳನ್ನು ಹೊಸದಾಗಿ ಹಾಕಿದರು. ಹಳೆಯದು ಬಿಸಿಗೆ ನೀಲಿ ತಿರುಗಿತ್ತು. ಸೊಂಟದ ಎಲಾಸ್ಟಿಕ್ ಸೋತ ಹಾಗೆ ಇದೂ ಸೋಲುತ್ತದೆ, ಸೋತರೆ ಶೂ ಹಿಂದಕ್ಕೆ ಬರುವುದಿಲ್ಲ, ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ಹಿಂದಿನ ತಗಡಿನ ಮೇಲೆ ಶೂ ಒರಗುವ ಜಾಗಗಳಿಗೆ ಬಿಸಿ ತಡೆಯುವ ಗ್ರೀಸನ್ನು ಬೆರಳ ತುದಿಯಷ್ಟು ಸವರಿದರು. ಲೈನಿಂಗ್ ಮುಟ್ಟುವ ಮೊದಲು ಹುಡುಗ ಕೈ ತೊಳೆದುಕೊಂಡು ಬಂದ. ಈ ಒಂದು ವಿಷಯಕ್ಕೆ ಅವನ ಎಲ್ಲ ತಪ್ಪು ಮಾಫಿ. ನನ್ನನ್ನು ಆಂಟಿ ಅಂದಿದ್ದು ಬಿಟ್ಟು.

ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವ ಕೆಲಸಕ್ಕೆ ಪೆಡಲ್ ಒತ್ತಲು ನನ್ನನ್ನೇ ಕೂರಿಸಿದರು. ಮೊದಲು ಎಡಗಡೆ ಹಿಂದಿನ ಗಾಲಿ, ಯಾಕೆಂದರೆ ಪೈಪ್ ಅಲ್ಲಿಗೆ ಎಲ್ಲಕ್ಕಿಂತ ದೂರ. "ಒತ್ತು... ಹಿಡಿ... ಬಿಡಬೇಡ... ಹಾಂ, ಬಿಡು." ಹೊಲಿಗೆ ಮಷೀನ್ ತುಳಿದ ಕಾಲು ನನ್ನದು, ತಾಳ ತಪ್ಪಲಿಲ್ಲ. ಏರ್ ಬಿಡುವ ನಿಪ್ಪಲಿಗೆ ಹಾಕಿದ ಪಾರದರ್ಶಕ ಪೈಪಿನಲ್ಲಿ ಮೊದಲು ಬಂದದ್ದು ಕಾಫಿ ಡಿಕಾಕ್ಷನ್ ಥರದ ಆಯಿಲ್, ನಡುನಡುವೆ ಗುಳ್ಳೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ನನ್ನದು ಎಷ್ಟು ವರ್ಷದ್ದೋ. ಮನೆಯಲ್ಲಿ ಅರ್ಧ ಬಾಟಲಿ ಇದೆ ತರಲಾ ಅಂದರೆ, ಬಿಚ್ಚಿಟ್ಟ ಬಾಟಲಿ ಬೇಡ, ಹೊಸ ಸೀಲಿನದೇ ಬೇಕು ಅಂದರು. ಆಯಿಲ್ ತಿಳಿಯಾಗಿ, ಗುಳ್ಳೆ ನಿಂತ ಮೇಲೆ ಪೆಡಲ್ ಗಟ್ಟಿಯಾಯಿತು. ನನ್ನ ಕಾಲಿಗೇ ಅದು ಬೇರೆ ಗಾಡಿ ಅನಿಸಿತು.

ಖರ್ಚು ಎಲ್ಲರೂ ಕೇಳುತ್ತಾರೆ. ನಾಲ್ಕು ಶೂಗಳ ಸೆಟ್ 780, ಸಿಲಿಂಡರ್ ಎರಡು 900, ಸ್ಪ್ರಿಂಗ್ ಕಿಟ್ 180, ಆಕ್ಸಲ್ ಸೀಲ್ 160, ಬ್ರೇಕ್ ಆಯಿಲ್ 190, ಹೌಸಿಂಗ್‌ಗೆ ಗೇರ್ ಆಯಿಲ್ 170, ಲೇತ್ 400, ಕೂಲಿ 1,200. ಒಟ್ಟು 3,980. ಅಡ್ಜಸ್ಟರನ್ನು ಬಿಚ್ಚಿ ತೊಳೆದು ಅದನ್ನೇ ಹಾಕಿದರು. ಶೂ ಡಬ್ಬಿ ನನ್ನ ಎದುರೇ ಒಡೆದರು. ಓಮ್ನಿ ತಯಾರಿಕೆ 2019ರಲ್ಲಿ ನಿಂತುಹೋದರೂ ಸಾಮಾನು ನಮ್ಮೂರ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಬಿಚ್ಚಿದ ಹಳೆ ಸಾಮಾನು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಕೊಟ್ಟರು. ಕೇಳದೆ ಕೊಟ್ಟರು.

ಬೇಜಾರಿನ ವಿಷಯಗಳೂ ಇವೆ. ಬಿಲ್ಲು ಅಂದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದ ಲೆಕ್ಕ. ಫೋನ್ ಪೇ ಇಲ್ಲ, ಮಗ ಬಂದರೆ ಅವನ ಫೋನಿಗೆ ಹಾಕಬೇಕು. ಹಿಂದಿನ ಸೀಟಿನ ಜಾಗದಲ್ಲಿ ಇಟ್ಟಿದ್ದ ನಾಲ್ಕು ಪ್ಯಾಂಟಿನ ಮೇಲೆ ಗ್ರೀಸಿನ ಕೈ ಗುರುತು. ಆ ಪೀಸುಗಳನ್ನು ವಾಷಿಂಗಿನವರು ತಗೊಳ್ಳಲಿಲ್ಲ. ಇದನ್ನು ಹೇಳಿದಾಗ ಚಾಚಾ ನಕ್ಕರು, ಅದು ಸರಿ ಹೋಗಲಿಲ್ಲ ನನಗೆ.

ಇನ್ನೊಂದು ದೊಡ್ಡದು. ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡಿಬಿಟ್ಟಿದ್ದರು. ಮೂರನೇ ದಿನ ವಾಷಿಂಗ್ ಯೂನಿಟ್ ಹತ್ತಿರ ಇಳಿದಾಗ ಬಲಗಡೆ ಹಿಂದಿನಿಂದ ಸುಟ್ಟ ವಾಸನೆ. ನೇರ ಅಲ್ಲಿಗೇ ಹೋದೆ. ಚಾಚಾ ಬೆರಳು ಒದ್ದೆ ಮಾಡಿ ಡ್ರಮ್ಮಿಗೆ ಮುಟ್ಟಿಸಿದರು, ಚುಯ್ ಅಂತು. ಎಡಗಡೆ ಮುಟ್ಟಿದರು, ಏನೂ ಇಲ್ಲ. "ತಪ್ಪು ನಂದೇ" ಅಂತ ನೇರವಾಗಿ ಅಂದರು. ಗಾಲಿ ಎತ್ತಿ ಕೈಯಿಂದ ತಿರುಗಿಸಿ, ಕೇಬಲ್ ಸಡಿಲಿಸಿ, ಮತ್ತೆ ತಿರುಗಿಸಿ ನೋಡಿದರು. ದುಡ್ಡು ಮುಟ್ಟಲಿಲ್ಲ. ಆದರೂ ಇದು ಮೊದಲ ದಿನವೇ ನೋಡಬೇಕಾಗಿದ್ದ ಕೆಲಸ ಅಲ್ವಾ? ಹೊಸ ಶೂ ಹಾಕಿದ ಮೇಲೆ ನಾಲ್ಕೈದು ಕಿಲೋಮೀಟರ್ ಓಡಿಸಿ, ಇಳಿದು, ನಾಲ್ಕೂ ಗಾಲಿ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಕುದಿಯುತ್ತಿದ್ದರೆ ವಾಪಸ್ ಹೋಗಿ.

ಈಗ ಹ್ಯಾಂಡ್ ಬ್ರೇಕ್ ಆರು ಟಕ್‌ಗೆ ನಿಲ್ಲುತ್ತದೆ. ಗಾಡಿ ನೇರ ನಿಲ್ಲುತ್ತದೆ. ಮೊದಲ 300 ಕಿಲೋಮೀಟರ್ ಜೋರಾಗಿ ಬ್ರೇಕ್ ಹಾಕಬೇಡ, ಹೊಸ ಲೈನಿಂಗ್ ಡ್ರಮ್ಮಿಗೆ ಕೂರಬೇಕು ಅಂದಿದ್ದರು. ಹಾಗೇ ಮಾಡಿದೆ. ಭಾರದ ವಿಷಯಕ್ಕೂ ಬೈದರು. "ಇದು ಓಮ್ನಿ ಕಣಮ್ಮಾ, ಲಾರಿ ಅಲ್ಲ." ಈಗ 250 ಪ್ಯಾಂಟು ಹೇರುತ್ತೇನೆ. ಕೆಲವು ದಿನ 300. 2021ರಲ್ಲಿ ಹದಿನೈದು ವರ್ಷ ತುಂಬಿದಾಗ ಆರ್‌ಸಿ ಐದು ವರ್ಷಕ್ಕೆ ರಿನಿವಲ್ ಆಗಿತ್ತು, 2026ಕ್ಕೆ ಮತ್ತೆ ಗಾಡಿ ತೋರಿಸಬೇಕು. ಈ ಸಲ ಬ್ರೇಕ್ ಒತ್ತಿ ತೋರಿಸು ಅಂದರೆ ನನಗೆ ಹೆದರಿಕೆ ಇಲ್ಲ.

ಹೋಗುವವರು ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ, ಡ್ರಮ್ ಲೇತಿಗೆ ಹೋಗುವುದಿದ್ದರೆ ಊಟದ ಹೊತ್ತಿಗೆ ಮೊದಲೇ ಹೋಗಬೇಕು. ಶುಕ್ರವಾರ ಮಧ್ಯಾಹ್ನ ಬೇಡ, ನಮಾಜಿಗೆ ಹೋಗಿರುತ್ತಾರೆ. ಚಿಲ್ಲರೆ ದುಡ್ಡು ಇಟ್ಟುಕೊಳ್ಳಿ. ಗಾಡಿಯಲ್ಲಿ ಬಟ್ಟೆ ಇದ್ದರೆ ಮೊದಲು ಇಳಿಸಿ.